ಮನೆಯವರಿಗೆ ತಿಳಿಸಿದಿರಾ?

ನಮ್ಮ ಊರುಗಳಲ್ಲಿ 'ನರ್ಸಿಂಗ್ ಹೋಮ್' ಎಂದರೆ ಹೆರಿಗೆಗೋ, ಜ್ವರಕ್ಕೋ, ಸಣ್ಣ ಶಸ್ತ್ರಚಿಕಿತ್ಸೆಗೋ ಸೇರುವ ಖಾಸಗಿ ಆಸ್ಪತ್ರೆ. ನಾಲ್ಕಾರು ದಿನ ಇದ್ದು, ಬಿಲ್ಲು ಕಟ್ಟಿ ಮನೆಗೆ ಮರಳುವ ಜಾಗ. ಅಲ್ಲಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಗಂಜಿ ತರುವವರು, ರಾತ್ರಿ ಚಾಪೆ ಹಾಸಿ ಮಲಗುವವರು, ಡಾಕ್ಟರು ಬಂದಾಗ ಎದ್ದು ನಿಂತು ಕೇಳುವವರು ಎಲ್ಲರೂ ನಮ್ಮವರೇ. ಆದ್ದರಿಂದ ಕಾಯಿಲೆ ಏರಿತೋ ಇಳಿಯಿತೋ ಎಂಬುದನ್ನು 'ಮನೆಯವರಿಗೆ ತಿಳಿಸುವ' ಪ್ರಶ್ನೆಯೇ ಅಲ್ಲಿ ಹೆಚ್ಚಾಗಿ ಏಳುವುದಿಲ್ಲ.

ಅಮೆರಿಕದಲ್ಲಿ ಅದೇ ಹೆಸರಿಗೆ ಬೇರೆ ಅರ್ಥವಿದೆ. ಎದ್ದು ಓಡಾಡಲಾಗದ, ಔಷಧಿ, ಸ್ನಾನ, ಊಟ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಾದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಅನೇಕ ಸಲ ಕೊನೆಯುಸಿರಿನವರೆಗೂ ವಾಸಿಸುವ ಮನೆ ಅದು. ಅಲ್ಲಿ ಹಾಸಿಗೆಯ ಪಕ್ಕದಲ್ಲಿ ಮಗಳಿರುವುದಿಲ್ಲ. ಅವಳು ಇನ್ನೊಂದು ಊರಿನಲ್ಲಿ, ಇನ್ನೊಂದು ರಾಜ್ಯದಲ್ಲಿ ಇರುತ್ತಾಳೆ. ಅಮ್ಮ ರಾತ್ರಿ ಬಿದ್ದರೆ, ಮೂರು ದಿನದಿಂದ ಊಟ ಬಿಟ್ಟರೆ, ಮಾತು ತೊದಲಿದರೆ ಅವಳಿಗೆ ಗೊತ್ತಾಗುವುದು ಯಾರಾದರೂ ಹೇಳಿದರೆ ಮಾತ್ರ. ಹೇಳುವುದು ಯಾರ ಕರ್ತವ್ಯ? ಎಷ್ಟು ಬೇಗ ಹೇಳಬೇಕು? ಈ ಸರಳ ಪ್ರಶ್ನೆಗಳಿಗೆ ಆ ದೇಶದಲ್ಲಿ ಸ್ಪಷ್ಟವಾದ ಉತ್ತರ ಸಿಗಲು ಅನೇಕ ದಶಕಗಳೇ ಬೇಕಾದವು.

ಆ ಇತಿಹಾಸ ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು ನರ್ಸಿಂಗ್ ಕಲಿತು ಪರದೇಶಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಇನ್ನೊಂದೆಡೆ, ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ದೂರದ ನಗರಗಳಲ್ಲೋ ನೆಲೆಸಿ, ತಂದೆತಾಯಿ ವೃದ್ಧಾಶ್ರಮದಲ್ಲಿ ದಿನ ಕಳೆಯುವುದು ನಮ್ಮಲ್ಲೂ ಅಪರೂಪವಾಗಿ ಉಳಿದಿಲ್ಲ. ಹಾಗಾಗಿ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂದಿದೆ.

ಬಡವರ ಮನೆಯಿಂದ ಆರಂಭ

19ನೇ ಶತಮಾನದ ಅಮೆರಿಕದಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಉಳಿದಿದ್ದ ಆಸರೆ ಸ್ಥಳೀಯ ಆಡಳಿತ ನಡೆಸುತ್ತಿದ್ದ 'ಪೂರ್ ಹೌಸ್', ಅಂದರೆ ಬಡವರ ಮನೆ. ವೃದ್ಧರು, ಅಂಗವಿಕಲರು, ಮಾನಸಿಕ ರೋಗಿಗಳು, ಅನಾಥರು ಎಲ್ಲರನ್ನೂ ಒಂದೇ ಸೂರಿನಡಿ ಸೇರಿಸುತ್ತಿದ್ದ ಜಾಗ ಅದು. ಅಲ್ಲಿಗೆ ಹೋಗುವುದೆಂದರೆ ಅವಮಾನ. ಸೇರಿದವರಲ್ಲಿ ಬಹಳ ಮಂದಿಗೆ ಹೇಳಿ ಕಳುಹಿಸಲು ಮನೆಯವರೆಂಬುವರೇ ಇರಲಿಲ್ಲ. ಇದ್ದವರೂ ದೂರವಾಗಿದ್ದರು.

1935ರ ಆಗಸ್ಟ್ 14ರಂದು ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಬಡ ವೃದ್ಧರಿಗೆ ತಿಂಗಳ ನೆರವು ದೊರೆಯುವಂತಾಯಿತು. ಆದರೆ ಸರಕಾರಿ ಸಂಸ್ಥೆಯಲ್ಲಿ ವಾಸಿಸುವವರಿಗೆ ಈ ಹಣ ಸಲ್ಲದು ಎಂಬ ಷರತ್ತಿತ್ತು. ಬಡವರ ಮನೆಗಳನ್ನು ಖಾಲಿ ಮಾಡಿಸುವುದು ಇದರ ಉದ್ದೇಶ. ವೃದ್ಧರು ಅಲ್ಲಿಂದ ಹೊರಬಿದ್ದರು ನಿಜ, ಆದರೆ ಅವರಲ್ಲಿ ಅನೇಕರು ಸೇರಿದ್ದು ಖಾಸಗಿಯವರು ನಡೆಸುವ ಊಟ-ವಸತಿ ಮನೆಗಳನ್ನು. ಅಂಥ ಮನೆಗಳೇ ಒಬ್ಬಿಬ್ಬರು ನರ್ಸುಗಳನ್ನು ಇಟ್ಟುಕೊಂಡು 'ನರ್ಸಿಂಗ್ ಹೋಮ್' ಎನಿಸಿಕೊಂಡವು. 1950ರ ತಿದ್ದುಪಡಿಯು ಇವುಗಳಿಗೆ ಪರವಾನಗಿ ನೀಡುವ ವ್ಯವಸ್ಥೆಯನ್ನು ರಾಜ್ಯಗಳು ಮಾಡಬೇಕೆಂದಿತು. 1954ರಿಂದ ಆಸ್ಪತ್ರೆ ಕಟ್ಟಲು ಕೊಡುತ್ತಿದ್ದ ಕೇಂದ್ರದ ಹಣ ಲಾಭರಹಿತ ನರ್ಸಿಂಗ್ ಹೋಮುಗಳಿಗೂ ಹರಿಯಿತು. ಹೀಗೆ ಮನೆ ಎಂಬ ಹೆಸರಿನ ಜಾಗ ನೋಟದಲ್ಲಿ ಆಸ್ಪತ್ರೆಯಾಯಿತು. ಉದ್ದನೆಯ ಓಣಿ, ಸಾಲು ಕೋಣೆ, ನರ್ಸುಗಳ ಮೇಜು ಎಲ್ಲವೂ ಬಂದವು. ಒಳಗಿನ ಸುದ್ದಿ ಹೊರಗಿನ ಬಂಧುಗಳಿಗೆ ತಲುಪುವ ದಾರಿಯನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಯಾರೂ ಕೇಳಿಕೊಂಡು ಬಾರದ ದೇಹಗಳು

1963ರ ನವೆಂಬರ್ 22ರಂದು ಅಧ್ಯಕ್ಷ ಜಾನ್ ಕೆನಡಿಯವರ ಹತ್ಯೆಯಾಯಿತು. ಇಡೀ ಜಗತ್ತು ಆ ದುಃಖದಲ್ಲಿದ್ದಾಗ, ಮರುದಿನ ನಸುಕಿನಲ್ಲಿ ಓಹಾಯೋ ರಾಜ್ಯದ ಫಿಚ್‌ವಿಲ್ ಎಂಬ ಸಣ್ಣ ಊರಿನ ನರ್ಸಿಂಗ್ ಹೋಮಿಗೆ ಬೆಂಕಿ ಬಿತ್ತು. 63 ಮಂದಿ ವೃದ್ಧರು ಸುಟ್ಟುಹೋದರು. ಪತ್ರಿಕೆಗಳ ಪುಟಗಳೆಲ್ಲ ಕೆನಡಿಯವರ ಸಾವಿಗೆ ಮೀಸಲಾಗಿದ್ದುದರಿಂದ ಈ ದುರಂತ ಬಹಳ ಜನರ ಗಮನಕ್ಕೇ ಬರಲಿಲ್ಲ. ಸತ್ತವರಲ್ಲಿ ಕೆಲವರ ದೇಹಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವರನ್ನು ಒಟ್ಟಿಗೇ ಮಣ್ಣು ಮಾಡಬೇಕಾಯಿತು.

ಬೆಂಕಿಯ ನಂತರ ಎಲ್ಲರೂ ಕೇಳಿದ್ದು ವಿದ್ಯುತ್ ತಂತಿ, ಬಾಗಿಲು, ನೀರಿನ ವ್ಯವಸ್ಥೆಗಳ ಕುರಿತು. ಕೇಳಬೇಕಾದ್ದೇ. ಆದರೆ ಯಾರೂ ಕೇಳಿಕೊಂಡು ಬಾರದ ಆ ದೇಹಗಳು ಇನ್ನೊಂದು ಸತ್ಯವನ್ನೂ ಹೇಳುತ್ತಿದ್ದವು. ಈ ಮನೆಗಳಲ್ಲಿದ್ದ ಕೆಲವರಿಗೂ ಅವರ ರಕ್ತಸಂಬಂಧಿಗಳಿಗೂ ನಡುವಿನ ಎಳೆ ಬೆಂಕಿಗೆ ಮುಂಚೆಯೇ ಕಡಿದುಹೋಗಿತ್ತು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ 'ಮೆಡಿಕೇರ್' ಮತ್ತು 'ಮೆಡಿಕೆಯ್ಡ್' ಎಂಬ ಎರಡು ಯೋಜನೆಗಳಿಗೆ ಸಹಿ ಹಾಕಿದರು. ವೃದ್ಧರ ಮತ್ತು ಬಡವರ ಚಿಕಿತ್ಸೆಯ ಖರ್ಚನ್ನು ಸರಕಾರ ಹೊರುವ ಯೋಜನೆಗಳಿವು. ಹಣ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕೂ ಬಂತು. 1970ರ ದಶಕದ ಕೇಂದ್ರ ನಿಯಮಗಳಲ್ಲಿ, ನಿವಾಸಿಗೆ ಅಪಘಾತವಾದಾಗ ಅಥವಾ ಸ್ಥಿತಿಯಲ್ಲಿ ಗಣನೀಯ ಬದಲಾವಣೆ ಕಂಡಾಗ ವೈದ್ಯರಿಗೂ ಜವಾಬ್ದಾರರಿಗೂ ತಿಳಿಸುವ ಬಗ್ಗೆ ಸಂಸ್ಥೆಯಲ್ಲಿ ಲಿಖಿತ ನೀತಿ ಇರಬೇಕೆಂಬ ಮಾತು ಸೇರಿತು. ಆದರೆ ತಪಾಸಣೆಗೆ ಬಂದವರು ಬಹುಪಾಲು ನೋಡುತ್ತಿದ್ದುದು ನೀತಿಯ ಕಡತ ಇದೆಯೇ ಎಂಬುದನ್ನು. ಕಳೆದ ಮಂಗಳವಾರ ಬಿದ್ದ ಅಜ್ಜಿಯ ಮಗನಿಗೆ ಫೋನು ಹೋಯಿತೇ ಎಂಬುದನ್ನಲ್ಲ. ಕಾಗದದ ಮೇಲಿನ ಸಿದ್ಧತೆಗೂ ನಿಜವಾಗಿ ಸಿಗುವ ಆರೈಕೆಗೂ ಇದ್ದ ಅಂತರವೇ ಮುಂದಿನ ಹೋರಾಟಕ್ಕೆ ಕಾರಣವಾಯಿತು.

ಹಾಸಿಗೆಯಿಂದ ಬಂದ ದನಿ

ಆ ಹೋರಾಟ ಹಲವು ಕಡೆಗಳಿಂದ ಬಂತು. 1972ರಲ್ಲಿ ನಿವಾಸಿಗಳ ದೂರು ಕೇಳುವ 'ಓಂಬುಡ್ಸ್‌ಮನ್' ವ್ಯವಸ್ಥೆ ಪ್ರಾಯೋಗಿಕವಾಗಿ ಆರಂಭವಾಯಿತು. 1978ರಲ್ಲಿ ಪ್ರತಿ ರಾಜ್ಯದಲ್ಲೂ ಅದು ಇರಲೇಬೇಕೆಂದಾಯಿತು. 1975ರಲ್ಲಿ ಎಲ್ಮಾ ಹೋಲ್ಡರ್ ಎಂಬ ಮಹಿಳೆ ದೇಶದ ನಾನಾ ಭಾಗಗಳ ನಾಗರಿಕ ಗುಂಪುಗಳನ್ನು ಒಂದುಗೂಡಿಸಿ ನರ್ಸಿಂಗ್ ಹೋಮ್ ಸುಧಾರಣೆಯ ಒಕ್ಕೂಟವನ್ನು ಕಟ್ಟಿದರು. ಅದೇ ವರ್ಷ ಕೊಲರಾಡೋ ರಾಜ್ಯದ ನರ್ಸಿಂಗ್ ಹೋಮೊಂದರ ನಿವಾಸಿ ಮೈಕೆಲ್ ಸ್ಮಿತ್ ಮತ್ತು ಸಂಗಡಿಗರು ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರ ಹಣ ಕೊಡುತ್ತದೆ, ಆದರೆ ಆ ಹಣಕ್ಕೆ ತಕ್ಕ ಆರೈಕೆ ಸಿಗುತ್ತಿದೆಯೇ ಎಂದು ನೋಡುವ ಹೊಣೆ ಅದಕ್ಕಿಲ್ಲವೇ ಎಂಬುದು ಅವರ ಪ್ರಶ್ನೆ. ಹೊಣೆ ಇದೆ ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಆ ಹೊತ್ತಿಗೆ ಸ್ಮಿತ್ ಬದುಕಿರಲಿಲ್ಲ.

ಈ ನಡುವೆ, 1982ರಲ್ಲಿ ರೊನಾಲ್ಡ್ ರೇಗನ್ ಆಡಳಿತವು ನಿಯಮಗಳನ್ನು ಸಡಿಲಿಸಲು ಹೊರಟಿತ್ತು. ವಿರೋಧ ಬಂದಾಗ ವಿಷಯವನ್ನು 'ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್' ಎಂಬ ತಜ್ಞರ ಸಂಸ್ಥೆಯ ಅಧ್ಯಯನಕ್ಕೆ ಒಪ್ಪಿಸಲಾಯಿತು. ತಜ್ಞರು ಅಧ್ಯಯನ ನಡೆಸುತ್ತಿದ್ದಾಗಲೇ, 1985ರಲ್ಲಿ, ಹೋಲ್ಡರ್ ಅವರ ಒಕ್ಕೂಟ 15 ನಗರಗಳಲ್ಲಿ 450ಕ್ಕೂ ಹೆಚ್ಚು ನಿವಾಸಿಗಳನ್ನೇ ಕೂರಿಸಿಕೊಂಡು 'ನಿಮಗೆ ಒಳ್ಳೆಯ ಆರೈಕೆ ಎಂದರೇನು?' ಎಂದು ಕೇಳಿತು. ವೃದ್ಧರ ಬಗ್ಗೆ ಮಾತಾಡುವವರು ಬಹಳವಿದ್ದರು. ವೃದ್ಧರನ್ನೇ ಕೇಳಿದ್ದು ಅಪರೂಪವಾಗಿತ್ತು. 1986ರಲ್ಲಿ ಬಂದ ತಜ್ಞರ ವರದಿ, ಕಡತಗಳಿಗಿಂತ ನಿವಾಸಿಗೆ ನಿಜವಾಗಿ ಏನು ಸಿಗುತ್ತಿದೆ ಎಂಬುದನ್ನು ನೋಡುವಂತೆ ತಪಾಸಣೆ ಬದಲಾಗಬೇಕೆಂದು ಹೇಳಿತು.

'ತಕ್ಷಣ' ಎಂಬ ಒಂದು ಪದ

1987ರ ಡಿಸೆಂಬರ್ 22ರಂದು ನರ್ಸಿಂಗ್ ಹೋಮ್ ಸುಧಾರಣಾ ಕಾನೂನಿಗೆ ಅದೇ ರೇಗನ್ ಅವರು ಸಹಿ ಹಾಕಿದರು. ಅದರ ಬಹುಪಾಲು 1990ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದರಡಿ ರೂಪುಗೊಂಡ ನಿಯಮಗಳಲ್ಲಿ ನಮ್ಮ ವಿಷಯ ಸ್ಪಷ್ಟವಾದ ರೂಪ ಪಡೆಯಿತು. ನಾಲ್ಕು ಸಂದರ್ಭಗಳಲ್ಲಿ ಸಂಸ್ಥೆಯು ತಕ್ಷಣ ನಿವಾಸಿಗೆ ತಿಳಿಸಬೇಕು, ವೈದ್ಯರೊಡನೆ ಸಮಾಲೋಚಿಸಬೇಕು, ಕುಟುಂಬದವರಿಗೆ ಅಥವಾ ಪ್ರತಿನಿಧಿಗೆ ಸುದ್ದಿ ಮುಟ್ಟಿಸಬೇಕು.

ಮೊದಲನೆಯದು, ಪೆಟ್ಟು ಬಿದ್ದು ವೈದ್ಯರ ಅಗತ್ಯ ಬೀಳಬಹುದಾದ ಅಪಘಾತ. ಎರಡನೆಯದು, ದೇಹದ, ಮನಸ್ಸಿನ ಅಥವಾ ಜನರೊಡನೆ ಬೆರೆಯುವ ಸ್ಥಿತಿಯಲ್ಲಿ ಗಣನೀಯ ಬದಲಾವಣೆ. ಮೂರನೆಯದು, ಚಿಕಿತ್ಸೆಯನ್ನು ಗಣನೀಯವಾಗಿ ಬದಲಿಸಬೇಕಾದ ಪರಿಸ್ಥಿತಿ, ಅಂದರೆ ಒಂದು ಔಷಧಿಯಿಂದ ತೊಂದರೆಯಾಗಿ ಅದನ್ನು ನಿಲ್ಲಿಸುವುದು ಅಥವಾ ಹೊಸ ಬಗೆಯ ಚಿಕಿತ್ಸೆ ಆರಂಭಿಸುವುದು. ನಾಲ್ಕನೆಯದು, ನಿವಾಸಿಯನ್ನು ಬೇರೆಡೆಗೆ ಸಾಗಿಸುವ ಅಥವಾ ಬಿಡುಗಡೆ ಮಾಡುವ ತೀರ್ಮಾನ. ಕೋಣೆ ಬದಲಿಸುವಾಗ, ಜೊತೆಗಿರುವವರನ್ನು ಬದಲಿಸುವಾಗ ಕೂಡ ತಿಳಿಸಬೇಕು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಎರಡು ವಿಚಾರಗಳಿವೆ. ಒಂದು, ದೇಹದ ಜೊತೆಗೆ ಮನಸ್ಸೂ ಅಲ್ಲಿದೆ. ದಿನವೂ ಎಲ್ಲರೊಡನೆ ಕುಳಿತು ಉಣ್ಣುತ್ತಿದ್ದ ತಾತ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತರೆ ಅದೂ ಸುದ್ದಿಯೇ. ಸಾವು ಸಮೀಪಿಸಿದಾಗ ಮಾತ್ರ ಫೋನು ಮಾಡಿದರೆ ಸಾಲದು. ಎರಡು, ಮೊದಲು ತಿಳಿಸಬೇಕಾದ್ದು ನಿವಾಸಿಗೇ. ಇದು ನಮ್ಮ ಮನೆಗಳ ರೂಢಿಗೆ ಹೊಸದಾಗಿ ಕಾಣಬಹುದು. ನಮ್ಮಲ್ಲಿ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟುತ್ತಾರೆ. 'ಅಪ್ಪನಿಗೆ ಹೇಳಬೇಡಿ' ಎಂದು ನಾವೂ ಕೇಳಿಕೊಳ್ಳುತ್ತೇವೆ. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ. ಆದರೆ ತನ್ನ ದೇಹದ ವಿಷಯ ತನಗೊಬ್ಬನಿಗೆ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಒಬ್ಬ ಮನುಷ್ಯನನ್ನು ಇಡುವುದು ಅವನನ್ನು ಕಡೆಗಣಿಸಿದಂತೆಯೇ ಅಲ್ಲವೇ? 2016ರಲ್ಲಿ ನಿಯಮಗಳನ್ನು ಪರಿಷ್ಕರಿಸಿದಾಗ 'ಕುಟುಂಬದ ಸದಸ್ಯ' ಎಂಬ ಕಡೆ 'ನಿವಾಸಿಯ ಪ್ರತಿನಿಧಿ' ಎಂಬ ಮಾತು ಬಂತು. ತನ್ನ ಪರವಾಗಿ ಯಾರು ಮಾತಾಡಬೇಕೆಂದು ಆರಿಸುವುದು ವೃದ್ಧರ ಹಕ್ಕು ಎಂಬುದು ಇದರ ತಿರುಳು.

ತಿಳಿಸುವುದು ಫೋನ್ ಕರೆಗೆ ಮುಗಿಯಲಿಲ್ಲ. ಸೇರಿದ 14 ದಿನಗಳೊಳಗೆ, ಆಮೇಲೆ ಮೂರು ತಿಂಗಳಿಗೊಮ್ಮೆ ನಿವಾಸಿಯ ಸ್ಥಿತಿಯನ್ನು ಗೊತ್ತಾದ ನಮೂನೆಯಲ್ಲಿ ಬರೆದಿಡಬೇಕೆಂದಾಯಿತು. ಆರೈಕೆಯ ಯೋಜನೆ ಮಾಡುವ ಸಭೆಯಲ್ಲಿ ನಿವಾಸಿಗೂ ಮನೆಯವರಿಗೂ ಸ್ಥಾನ ಸಿಕ್ಕಿತು. ಕುಟುಂಬಗಳು ಸೇರಿ ತಮ್ಮದೇ ಮಂಡಳಿ ಮಾಡಿಕೊಳ್ಳುವ ಹಕ್ಕೂ ದೊರೆಯಿತು. ತಪಾಸಣೆಗೆ ಬರುವವರು ಈಗ ನಿವಾಸಿಯ ದಾಖಲೆಯನ್ನೇ ತೆರೆದು, ಬಿದ್ದದ್ದು ಯಾವಾಗ, ವೈದ್ಯರಿಗೆ ಹೇಳಿದ್ದು ಯಾವಾಗ, ಮಗಳಿಗೆ ಫೋನು ಹೋದದ್ದು ಎಷ್ಟು ಗಂಟೆಗೆ ಎಂದು ನೋಡಬಲ್ಲರು. ತಪ್ಪಿದ್ದರೆ ಬರೆಯುತ್ತಾರೆ. ಆ ತಪ್ಪಿಗೆ 'ಎಫ್-580' ಎಂಬ ಸಂಖ್ಯೆಯೇ ಇದೆ.

ಮೊದಲು ಕಾಣುವ ಕಣ್ಣು

ಕಾನೂನು ಬಂದ ಮೇಲೂ ಕೆಲಸ ಸುಲಭವಾಗಲಿಲ್ಲ. ತಿಳಿಸಬೇಕಾದರೆ ಮೊದಲು ಯಾರಿಗಾದರೂ ಕಾಣಬೇಕು. ವೃದ್ಧರ ಕಾಯಿಲೆ ಯುವಕರ ಕಾಯಿಲೆಯಂತೆ ಜ್ವರ, ಕೆಮ್ಮು ಎಂದು ಹೆಸರು ಹೇಳಿಕೊಂಡು ಬರುವುದಿಲ್ಲ. ಮೂತ್ರದ ಸೋಂಕು ಗೊಂದಲದ ಮಾತಾಗಿ ಕಾಣಬಹುದು. ನ್ಯುಮೋನಿಯಾ ಬರಿಯ ನಿಶ್ಶಕ್ತಿಯಾಗಿ ಕಾಣಬಹುದು. ಸ್ನಾನ ಮಾಡಿಸುವ, ಉಣಿಸುವ, ಹಾಸಿಗೆ ಬದಲಿಸುವ ಸಹಾಯಕಿಯೇ 'ಇವತ್ತು ಅಜ್ಜಿ ಎಂದಿನಂತಿಲ್ಲ' ಎಂದು ಮೊದಲು ಗುರುತಿಸುವವಳು. ಇಂಥ ಸಹಾಯಕಿಯರು ಗಮನಿಸುವ ನಡವಳಿಕೆಯ ಬದಲಾವಣೆ, ಕಾಯಿಲೆ ದಾಖಲೆಗೆ ಬರುವುದಕ್ಕೆ ದಿನಗಳ ಮೊದಲೇ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಕೆನೆತ್ ಬೂಕ್‌ವಾರ್ ಮತ್ತು ಸಂಗಡಿಗರ ಅಧ್ಯಯನ 2000ದಲ್ಲಿ ತೋರಿಸಿತು.

ವೈದ್ಯ ಜೋಸೆಫ್ ಔಸ್‌ಲ್ಯಾಂಡರ್ ಮತ್ತು ಸಂಗಡಿಗರು ರೂಪಿಸಿದ 'ಇಂಟರಾಕ್ಟ್' ಎಂಬ ಕಾರ್ಯಕ್ರಮ ಇದನ್ನೇ ಒಂದು ಪುಟ್ಟ ಚೀಟಿಗೆ ಇಳಿಸಿತು. 'ಸ್ಟಾಪ್ ಅಂಡ್ ವಾಚ್', ಅಂದರೆ 'ನಿಂತು ನೋಡು' ಎಂಬುದು ಅದರ ಹೆಸರು. ಎಂದಿನಂತಿಲ್ಲವೇ? ಮಾತು ಕಡಿಮೆಯಾಗಿದೆಯೇ? ಹೆಚ್ಚು ಸಹಾಯ ಬೇಕಾಗುತ್ತಿದೆಯೇ? ನೋವಿದೆಯೇ? ಊಟ, ನೀರು ಕಡಿಮೆಯಾಗಿದೆಯೇ? ಮಲವಿಸರ್ಜನೆ ಆಗಿಲ್ಲವೇ? ತೂಕ ಬದಲಾಗಿದೆಯೇ? ಕಳವಳ, ಆಯಾಸ ಹೆಚ್ಚಿದೆಯೇ? ಚರ್ಮದ ಬಣ್ಣ ಬೇರೆಯಾಗಿದೆಯೇ? ನಡೆಯಲು ಆಸರೆ ಬೇಕೇ? ಇಷ್ಟೇ ಪ್ರಶ್ನೆಗಳು. ಓದಿದವರೇ ಆಗಬೇಕಿಲ್ಲ, ಕಣ್ಣಿದ್ದವರು ಗುರುತು ಹಾಕಬಹುದು. ಭೇಟಿಗೆ ಬಂದ ಮನೆಯವರೂ ಹಾಕಬಹುದು.

ಇಲ್ಲಿ ಒಂದು ತಿರುವಿದೆ. ಕುಟುಂಬ ಸುದ್ದಿ ಕೇಳುವ ಕಡೆ ಮಾತ್ರ ಇಲ್ಲ, ಸುದ್ದಿ ಕೊಡುವ ಕಡೆಯೂ ಇದೆ. ಅಮ್ಮ ಯಾವಾಗಲೂ ಮೌನಿಯೋ, ಈಗ ಮಾತ್ರ ಮೌನಿಯೋ ಎಂದು ಬಲ್ಲವಳು ಮಗಳು. ಅಪ್ಪ ನೋವನ್ನು ಹೇಳಿಕೊಳ್ಳುವವರಲ್ಲ, ಹುಬ್ಬು ಗಂಟಿಕ್ಕಿದರೆ ನೋವಿದೆ ಎಂದರ್ಥ ಎಂದು ಬಲ್ಲವನು ಮಗ. ಅವರನ್ನು ಕತ್ತಲೆಯಲ್ಲಿಟ್ಟರೆ ಈ ತಿಳಿವಳಿಕೆಯೂ ಕತ್ತಲೆಯಲ್ಲೇ ಉಳಿಯುತ್ತದೆ. ನಷ್ಟ ಆರೈಕೆ ಮಾಡುವವರಿಗೂ ಹೌದು.

ಹಾಗಿದ್ದೂ ಫೋನು ಏಕೆ ತಪ್ಪುತ್ತದೆ? ಕೆಟ್ಟ ಮನಸ್ಸಿನಿಂದ ತಪ್ಪುವುದು ಕಡಿಮೆ. 'ನಡುರಾತ್ರಿ ಎಬ್ಬಿಸುವುದು ಬೇಡ, ಬೆಳಗ್ಗೆ ನೋಡೋಣ' ಎಂಬ ಸಂಕೋಚ. 'ನಮ್ಮನ್ನೇ ದೂರುತ್ತಾರೆ' ಎಂಬ ಭಯ. ಪಾಳಿ ಬದಲಾಗುವಾಗ 'ಅವರು ಹೇಳಿರಬಹುದು' ಎಂಬ ಊಹೆ. ಬರೆದಿಟ್ಟ ನಂಬರು ಹಳೆಯದು ಎಂಬ ಸಣ್ಣ ಕಾರಣ. 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಬಿದ್ದ ಸುದ್ದಿಗಿಂತ, ಬಿದ್ದದ್ದನ್ನು ಮುಚ್ಚಿಟ್ಟ ಸುದ್ದಿ ಮನೆಯವರ ನಂಬಿಕೆಯನ್ನು ಹೆಚ್ಚು ಮುರಿಯುತ್ತದೆ.

ಕಿಟಕಿಯ ಗಾಜಿನ ಆಚೆ

2020ರ ಫೆಬ್ರವರಿ ಕೊನೆಯಲ್ಲಿ ಸಿಯಾಟಲ್ ಬಳಿಯ ಕರ್ಕ್‌ಲ್ಯಾಂಡಿನ ನರ್ಸಿಂಗ್ ಹೋಮೊಂದರಲ್ಲಿ ಕೋವಿಡ್ ಹರಡಿರುವುದು ಬೆಳಕಿಗೆ ಬಂತು. ಮಾರ್ಚ್ ಮೊದಲ ವಾರದಲ್ಲಿ ನಿವಾಸಿಗಳ ಬಂಧುಗಳು ಪತ್ರಕರ್ತರ ಮುಂದೆ ನಿಂತು, ತಮ್ಮವರು ಹೇಗಿದ್ದಾರೆಂಬ ಸರಿಯಾದ ಮಾಹಿತಿ ಸಿಗುತ್ತಿಲ್ಲ ಎಂದು ಅಳಲು ತೋಡಿಕೊಂಡರು. ಮಾರ್ಚ್ 13ರಂದು ಕೇಂದ್ರ ಸರಕಾರ ದೇಶದ ಎಲ್ಲ ನರ್ಸಿಂಗ್ ಹೋಮುಗಳಲ್ಲಿ, ಕೊನೆಗಾಲದಂಥ ಸಂದರ್ಭ ಬಿಟ್ಟು, ಭೇಟಿಯನ್ನು ನಿರ್ಬಂಧಿಸಲು ಸೂಚಿಸಿತು. ಮಕ್ಕಳು ಕಿಟಕಿಯ ಹೊರಗೆ ನಿಂತು ಗಾಜಿಗೆ ಅಂಗೈ ಒತ್ತಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ.

ಭೇಟಿ ನಿಂತಾಗ ಸುದ್ದಿಯೊಂದೇ ಉಳಿದ ಸೇತುವೆ. 2020ರ ಮೇ 8ರಂದು ಜಾರಿಯಾದ ತುರ್ತು ನಿಯಮ ಗಂಟೆಯನ್ನೂ ಗೊತ್ತು ಮಾಡಿತು. ಒಬ್ಬರಿಗೆ ಸೋಂಕು ದೃಢಪಟ್ಟರೂ, ಅಥವಾ 72 ಗಂಟೆಗಳೊಳಗೆ ಮೂವರಿಗೆ ಉಸಿರಾಟದ ಹೊಸ ತೊಂದರೆ ಕಂಡರೂ, ಮರುದಿನ ಸಂಜೆ 5 ಗಂಟೆಯೊಳಗೆ ಎಲ್ಲ ನಿವಾಸಿಗಳಿಗೂ ಅವರ ಕುಟುಂಬಗಳಿಗೂ ತಿಳಿಸಬೇಕು. 2022ರ ಆರಂಭದ ಹೊತ್ತಿಗೆ ಅಮೆರಿಕದ ಇಂಥ ಆರೈಕೆ ಮನೆಗಳ ನಿವಾಸಿಗಳು ಮತ್ತು ಸಿಬ್ಬಂದಿಯಲ್ಲಿ ಕೋವಿಡ್‌ನಿಂದ ಸತ್ತವರ ಸಂಖ್ಯೆ 2 ಲಕ್ಷ ದಾಟಿತ್ತು. ಆ ತುರ್ತು ನಿಯಮದ ಕಾಲ ಮುಗಿದಿದೆ. ಆದರೆ 1987ರ ಕಾನೂನಿನಿಂದ ಬಂದ 'ತಕ್ಷಣ ತಿಳಿಸಿ' ಎಂಬ ನಿಯಮ ಉಳಿದಿದೆ.

ನಮ್ಮ ನಾಡಿನಲ್ಲಿ

ವೃದ್ಧರಿಗೆ ಆಸರೆ ನೀಡುವ ಕೆಲಸ ನಮಗೆ ಹೊಸದಲ್ಲ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಸಾಂ-ಸೆರ್ವಾನ್ ಊರಿನಲ್ಲಿ ಜಾನ್ ಜುಗಾನ್ ಎಂಬ ಬಡ ಹೆಂಗಸು ಕುರುಡಿ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅಲ್ಲಿಂದ ಹುಟ್ಟಿದ 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಸಭೆಯ ಸಿಸ್ಟರುಗಳು 1900ರಲ್ಲಿ ಬೆಂಗಳೂರಿಗೆ ಬಂದರು. ಜಾನ್ ಜುಗಾನ್ ಅವರನ್ನು 2009ರಲ್ಲಿ ಸಂತರ ಸಾಲಿಗೆ ಸೇರಿಸಲಾಯಿತು.

ಭಾರತದಲ್ಲಿ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂತು. ಮಕ್ಕಳು ಹೆತ್ತವರನ್ನು ಸಾಕಬೇಕೆಂದು ಅದು ಹೇಳುತ್ತದೆ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯಗಳು ಸ್ಥಾಪಿಸಬಹುದೆಂದೂ ಹೇಳುತ್ತದೆ. ಆದರೆ ಆಶ್ರಮದಲ್ಲಿರುವವರ ಆರೋಗ್ಯ ಬದಲಾದಾಗ ಯಾರಿಗೆ, ಯಾವಾಗ ತಿಳಿಸಬೇಕು ಎಂಬುದನ್ನು ಅಮೆರಿಕದ ನಿಯಮದಂತೆ ಸಂದರ್ಭ ಎಣಿಸಿ ಅದು ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ಈ ಹೊಣೆ ನಮ್ಮ ಮೇಲೆ, ಆಶ್ರಮ ನಡೆಸುವವರ ಮೇಲೆ ಉಳಿಯುತ್ತದೆ.

ಆದುದರಿಂದ ಹಿರಿಯರನ್ನು ಆಶ್ರಮಕ್ಕೆ ಸೇರಿಸುವ ದಿನವೇ ಕೆಲವು ಮಾತು ಆಡಿಕೊಳ್ಳೋಣ. ಯಾರಿಗೆ ಮೊದಲು ಫೋನು ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ? ದೂರದ ದೇಶದಲ್ಲಿರುವ ಮಗನನ್ನು ನಡುರಾತ್ರಿ ಎಬ್ಬಿಸಬಹುದೇ? ಎಬ್ಬಿಸಬಹುದು ಎಂದಾದರೆ ಹಾಗೆಂದು ಬರೆದೇ ಕೊಡೋಣ. ಬಿದ್ದರೆ, ಊಟ ಬಿಟ್ಟರೆ, ಔಷಧಿ ಬದಲಾದರೆ ಹೇಳುತ್ತೀರಾ ಎಂದು ಕೇಳೋಣ. ಆಸ್ಪತ್ರೆಗೆ ಸಾಗಿಸುವ ಬಗ್ಗೆ, ಕೊನೆಗಾಲದಲ್ಲಿ ಗುರುಗಳನ್ನು ಕರೆಸುವ ಬಗ್ಗೆ ಹಿರಿಯರ ಇಚ್ಛೆ ಏನು? ಅದನ್ನು ಅವರ ಬಾಯಿಂದಲೇ ಕೇಳೋಣ. ನಂಬರು ಬದಲಾದಾಗ ಹೊಸದನ್ನು ಕೊಡೋಣ. ಫೋನು ಬಂದಾಗ, ಕರೆ ಮಾಡಿದ ಸಿಸ್ಟರ್ ಮೇಲೋ ನರ್ಸ್ ಮೇಲೋ ಸಿಡುಕದೆ ಮೊದಲು ಕೃತಜ್ಞತೆ ಹೇಳೋಣ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಹಿಂಜರಿಯುತ್ತಾರೆ.

ಕಡೆಯದಾಗಿ ಒಂದು ಮಾತು. ಮನೆಯವರಿಗೆ ತಿಳಿಸಿ ಎಂದು ಕಾನೂನು ಹೇಳಬಲ್ಲದು. ತಿಳಿದವರು ಎದ್ದು ಬರಬೇಕೆಂದು ಯಾವ ಕಾನೂನೂ ಹೇಳಲಾರದು. ಫಿಚ್‌ವಿಲ್‌ನಲ್ಲಿ ಕೆಲವರನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಕರ್ಕ್‌ಲ್ಯಾಂಡಿನಲ್ಲಿ ಬಂದವರಿಗೆ ಬಾಗಿಲು ತೆರೆದಿರಲಿಲ್ಲ. ನಮ್ಮ ಹಿರಿಯರಿರುವ ಬಾಗಿಲು ಇಂದು ತೆರೆದಿದೆ. 'ಮನೆಯವರಿಗೆ ತಿಳಿಸಿದಿರಾ?' ಎಂದು ಆಶ್ರಮದವರನ್ನು ಕೇಳುವ ನಾವು, 'ಮನೆಯವರು ಕೊನೆಯ ಸಲ ಬಂದದ್ದು ಯಾವಾಗ?' ಎಂದು ಅವರು ಕೇಳಿದರೆ ಕೊಡಲು ಉತ್ತರವನ್ನೂ ಸಿದ್ಧವಾಗಿ ಇಟ್ಟುಕೊಳ್ಳೋಣ.